ದುಗ್ಗಪ್ಪನ ಮೋಟಾರು ದೋಣಿ

ಸಾಗರ ತಾಲೂಕಿನ ಕಡೆ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ದುಗ್ಗಪ್ಪನಿಗೊಂದು ಮೋಟಾರು ದೋಣಿಯಿದೆ. ಅದು ಓಡಿದ್ದಕ್ಕಿಂತ ಬಿಚ್ಚಿ ಹರವಿಕೊಂಡು ಬಿದ್ದಿದ್ದೇ ಹೆಚ್ಚು. ಅಣೆಕಟ್ಟಿನ ಗುತ್ತಿಗೆದಾರನೊಬ್ಬ ಬಿಟ್ಟುಹೋದ ಆ ಹಳೇ ಎಂಜಿನ್ನಿಗೆ ಅವನು ಸೈಕಲ್ ಟ್ಯೂಬಿನ ವಾಷರ್ ಹಾಕಿದ್ದಾನೆ, ಹಲಸಿನ ಮೇಣ ಮೆತ್ತಿದ್ದಾನೆ, ತಾಳಗುಪ್ಪದ ಮೆಕ್ಯಾನಿಕ್ಕನನ್ನು ಕರೆತಂದು ಕೋಳಿಸಾರು ಉಣಿಸಿದ್ದಾನೆ. ಯಾರು ಕೇಳಿದರೂ, “ಕಾರ್ಬರೇಟರ್ ಕಟ್ಟೈತೆ ಕಣ್ರೀ, ಬ್ಯಾರೆ ಎಂತದೂ ಇಲ್ಲ” ಎನ್ನುತ್ತಾನೆ. ದೋಣಿ ಗುಡುಗುಡು ಎಂದು ಹೊರಡುತ್ತದೆ, ನಡುನೀರಿನಲ್ಲಿ ಕೆಮ್ಮಿ ಸುಮ್ಮನಾಗುತ್ತದೆ. ದಡದ ಕೊಕ್ಕರೆಗಳೂ ಈಗ ಆ ಸದ್ದಿಗೆ ಹಾರುವುದಿಲ್ಲ. ಬೇಸಿಗೆಯಲ್ಲಿ ನೀರಿಳಿದರೆ ಹಿನ್ನೀರಿನಲ್ಲಿ ಮುಳುಗಿದ ದುಗ್ಗಪ್ಪನ ಹಳೇ ಊರಿನ ದೇವರು ಚೌಡಿಯ ಕಲ್ಲು ಮೇಲೇಳುತ್ತದೆ. ಅದಕ್ಕೊಂದು ಕಾಯಿ ಒಡೆದು ಬರೋಣವೆಂದು ತಾಯಿ ಗುತ್ಯಮ್ಮ ಪ್ರತಿ ಬೇಸಿಗೆಯೂ ಕೇಳುತ್ತಿದ್ದಳು. “ರಿಪೇರಿ ಆಗ್ಲಿ ಅವ್ವಾ, ಮೋಟ್ರಲ್ಲೇ ಕರ್ಕಂಡ್ ಹೋಗ್ತೀನಿ” ಎನ್ನುತ್ತಿದ್ದ. ಹೋದ ಬೇಸಿಗೆಯಲ್ಲೂ ಕೇಳಿದಳು. ಮಳೆ ಹಿಡಿಯುವ ಮೊದಲೇ ತೀರಿಕೊಂಡಳು. ಈಗ ಎಂಜಿನ್ ನಿಂತರೆ ದುಗ್ಗಪ್ಪ ಮೊದಲಿನ ಹಾಗೆ ಬೈಯುವುದಿಲ್ಲ. ದೋಣಿಯ ತಳದಿಂದ ಮರದ ಹುಟ್ಟನ್ನು ಎತ್ತಿಕೊಂಡು ದಡದವರೆಗೂ ಹುಟ್ಟು ಹಾಕಿಕೊಂಡೇ ಬರುತ್ತಾನೆ. ಅವ್ವ ಕೇಳುತ್ತಿದ್ದಾಗಲೂ ಆ ಹುಟ್ಟು ದೋಣಿಯಲ್ಲೇ ಇತ್ತು.