ಐದು ಮೊಳೆಗಳ ಉಗ್ರಾಣ

ವೆಂಕಟಸುಬ್ಬಯ್ಯನವರು ಬೆಂಗಳೂರಿನ ಪೂರ್ವಭಾಗದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಉಪಕರಣಗಳ ಉಗ್ರಾಣವನ್ನು ನೋಡಿಕೊಂಡವರು. ಕಾರ್ಮಿಕರ ಬಾಯಲ್ಲಿ ಅದು ಟೂಲ್ ಸ್ಟೋರ್. ಅಲ್ಲಿನ ಗೋಡೆಗಳಿಗೆ ಹಲಗೆ ಬಡಿದು, ಪ್ರತಿಯೊಂದು ಸುತ್ತಿಗೆ, ಅರ, ಸ್ಪ್ಯಾನರುಗಳ ಆಕಾರವನ್ನು ಅದರದರ ಮೊಳೆಯ ಕೆಳಗೆ ನೀಲಿ ಬಣ್ಣದಲ್ಲಿ ಬರೆಯಲಾಗಿತ್ತು. ಉಪಕರಣ ಬೇಕಾದವನು ತನ್ನ ಸಂಖ್ಯೆ ಕೆತ್ತಿದ ಹಿತ್ತಾಳೆ ಬಿಲ್ಲೆಯನ್ನು ಕಿಂಡಿಯಲ್ಲಿ ಕೊಡಬೇಕು. ಬಿಲ್ಲೆ ಮೊಳೆಗೆ ಹೋಗುತ್ತದೆ, ಉಪಕರಣ ಅವನ ಕೈಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಅದು ಸ್ಟೋರ್‌ಕೀಪರನ ಕೈಗೇ ಹಿಂದಿರುಗಬೇಕು. ಕಿಂಡಿಯಲ್ಲಿ ಅವನಿಲ್ಲದಿದ್ದರೆ ಕಾಯಬೇಕೇ ಹೊರತು ಇಟ್ಟು ಹೋಗುವಂತಿಲ್ಲ. ಈ ಕೊನೆಯ ನಿಯಮವನ್ನು ಅವರು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರೆಂದರೆ, ಊಟದ ಬಿಡುವಿನಲ್ಲಿ ಕಿಂಡಿಯ ಮುಂದೆ ಉಪಕರಣ ಹಿಡಿದು ಸಾಲು ನಿಂತವರು ಅವರಿಗೆ ಇಟ್ಟಿದ್ದ ಅಡ್ಡಹೆಸರುಗಳನ್ನು ಇಲ್ಲಿ ಬರೆಯಲಾಗದು.

೧೯೬೯ರಲ್ಲಿ ಅವರ ಸಂಸಾರ ಹಲಸೂರಿನ ಒಂದು ವಠಾರದಲ್ಲಿತ್ತು. ಐದು ಮನೆ, ನಡುವೆ ಒಂದು ಓಣಿ, ಓಣಿಯ ಮಧ್ಯದಲ್ಲಿ ಎಲ್ಲರಿಗೂ ಸೇರಿದ ನಲ್ಲಿ. ತುದಿಯ ಮನೆ ಮಾಲೀಕ ಮುನಿಆಂಜನಪ್ಪನವರದು. ಅವರ ತಾಯಿ ಯಶೋದಮ್ಮನಿಗೆ ಎಪ್ಪತ್ತು ದಾಟಿತ್ತು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಕೆ ಹೊರಗೆ ಹೋಗಬೇಕಾದರೆ ಗೋಡೆ ಸವರಿಕೊಂಡು ಅದೇ ಓಣಿಯಲ್ಲಿ ನಡೆಯಬೇಕು.

ವೆಂಕಟಸುಬ್ಬಯ್ಯನವರ ಮಗಳು ಸೀತಾಲಕ್ಷ್ಮಿಗೆ ಆಗ ನಾಲ್ಕು ವರ್ಷ. ಅವಳ ಆಟದ ಸಾಮಾನು ಐದು: ಮರದ ಕುದುರೆ, ಗಿಳಿ, ಬುಗುರಿ, ಶಿವಾಜಿನಗರದ ಅಂಗಡಿಯಿಂದ ತಂದ ತಗಡಿನ ಬಸ್ಸು, ದಾರ ಕಟ್ಟಿ ಎಳೆಯುವ ಪುಟ್ಟ ಬಂಡಿ. ಐದೂ ದಿನವೆಲ್ಲ ಓಣಿಯಲ್ಲೇ ಬಿದ್ದಿರುತ್ತಿದ್ದವು. ತಾಯಿ ಅಂಬುಜಾ ಗದರಿಸಿದರು, ಸಾಮಾನನ್ನು ಅಟ್ಟದ ಮೇಲಿಟ್ಟರು, ಕೊಬ್ಬರಿ ಮಿಠಾಯಿಯ ಆಸೆ ತೋರಿಸಿದರು. ಮಗು ಮಿಠಾಯಿ ತಿಂದು ಮತ್ತೆ ಓಣಿಗೆ ಹೋಗುತ್ತಿತ್ತು. ಕೊನೆಗೆ ದಿನವೂ ಬಗ್ಗಿ ಎತ್ತಿಡುತ್ತಿದ್ದವರು ಅಂಬುಜಾ ಅವರೇ. ಅವರಿಗೆ ಆಗ ಏಳನೆಯ ತಿಂಗಳು.

ಇದನ್ನು ಗಮನಿಸಿದ ವೆಂಕಟಸುಬ್ಬಯ್ಯನವರು ತಮಗೆ ತಿಳಿದಿದ್ದ ಒಂದೇ ಕ್ರಮವನ್ನು ಮನೆಗೆ ತಂದರು. ಹಲಗೆಯೊಂದನ್ನು ಮಗುವಿನ ಕೈಗೆಟಕುವ ಎತ್ತರಕ್ಕೆ ಬಡಿದರು. ಐದು ಮೊಳೆ ಹೊಡೆದು ಐದು ಆಕಾರಗಳನ್ನು ನೀಲಿಯಲ್ಲಿ ಬರೆದರು. ಬಿಸ್ಕತ್ತು ಡಬ್ಬಿಯ ಮುಚ್ಚಳ ಕತ್ತರಿಸಿ ಐದು ಬಿಲ್ಲೆ ಮಾಡಿ, ಅಂಚು ಉಜ್ಜಿ, ದಾರಕ್ಕೆ ಪೋಣಿಸಿ ಮಗಳ ಕೊರಳಿಗೆ ಹಾಕಿದರು. ಬಿಲ್ಲೆ ಕೊಟ್ಟರೆ ಸಾಮಾನು, ಸಾಮಾನು ಕೊಟ್ಟರೆ ಬಿಲ್ಲೆ. ನಡುವೆ ಕೈಹಾಕಬಾರದೆಂದು ಹೆಂಡತಿಗೂ ತಾಕೀತಾಯಿತು. ಅವರಿಗೆ ಆ ವಾರ ಬೆಳಗಿನ ಪಾಳಿ. ಮಧ್ಯಾಹ್ನ ಮೂರಕ್ಕೆಲ್ಲ ಮನೆಯಲ್ಲಿರುತ್ತಿದ್ದರು. ಆರು ದಿನ ದೀಪ ಹಚ್ಚುವ ಹೊತ್ತಿಗೆ ಸೀತಾಲಕ್ಷ್ಮಿ ಒಂದೊಂದನ್ನೇ ತಂದು ತಂದೆಯ ಕೈಗೆ ಕೊಟ್ಟು ಬಿಲ್ಲೆ ಹಿಂದಕ್ಕೆ ಪಡೆದಳು. ಕಾರ್ಖಾನೆಯ ಬಸ್ಸಿನಲ್ಲಿ ಅವರು ಇದನ್ನು ನಾಲ್ಕು ಜನಕ್ಕೆ ಹೇಳಿಕೊಂಡರಂತೆ.

ಸೋಮವಾರ ಪಾಳಿ ಬದಲಾಯಿತು. ಮಧ್ಯಾಹ್ನ ಒಂದಕ್ಕೆ ಹೊರಟರೆ ಮಗು ಮಲಗಿದ ಮೇಲೆಯೇ ಅವರು ಹಿಂದಿರುಗುತ್ತಿದ್ದುದು. ಬೆಳಿಗ್ಗೆ ಬಿಲ್ಲೆ ಪಡೆದು ಐದನ್ನೂ ಕೊಟ್ಟು ಹೋದರು. ಸಂಜೆ ಮಗಳು ಐದನ್ನೂ ಓಣಿಯಲ್ಲಿ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಕುಳಿತಳು. ಒಳಗಿಡು ಎಂದರೆ ಒಪ್ಪಲಿಲ್ಲ. "ಅಣ್ಣ ಬರ್ಲಿ, ಅಣ್ಣನ ಕೈಗೇ ಕೊಡ್ಬೇಕು," ಎಂದಳು. ತಂದೆಯನ್ನು ಅವಳು ಕರೆಯುತ್ತಿದ್ದುದೇ ಅಣ್ಣ ಎಂದು. ತಾಯಿ ಮುಟ್ಟಲು ಹೋದರೆ ವಠಾರವೆಲ್ಲ ಕೇಳುವಂತೆ ಅತ್ತಳು. ಎರಡು ದಿನ ಅವಳು ನಿದ್ದೆಹೋದ ಮೇಲೆ ಅಂಬುಜಾ ಎತ್ತಿಟ್ಟರು. ಬುಧವಾರ ಮುಸ್ಸಂಜೆ, ಎತ್ತಿಡುವ ಮೊದಲೇ, ಯಶೋದಮ್ಮ ತಗಡಿನ ಬಸ್ಸಿನ ಮೇಲೆ ಕಾಲಿಟ್ಟು ಬಿದ್ದರು. ಮೂಳೆ ಮುರಿಯಲಿಲ್ಲ. ಪಾದ ಉಳುಕಿತ್ತು.

ಗುರುವಾರ ಬೆಳಿಗ್ಗೆ ಮುನಿಆಂಜನಪ್ಪನವರು ಬಂದು ಹೊಸಿಲಾಚೆಯೇ ನಿಂತರು. ಕೂರಲು ಹೇಳಿದರೂ ಕೂರಲಿಲ್ಲ.

"ಸುಬ್ಬಯ್ಯನೋರೆ, ಕಾರ್ಖಾನೇಲಿ ಸಾವಿರ ಸಾಮಾನು ಕಾಯ್ತೀರಂತೆ. ಮನೇಲಿ ಐದು ಕಾಯಕ್ಕಾಗಲ್ವಾ?"

ವೆಂಕಟಸುಬ್ಬಯ್ಯನವರು ಕ್ಷಮೆ ಕೇಳಿದರು. ನಂತರ ಪಾಳಿಯ ವಿಚಾರ, ಬಿಲ್ಲೆಯ ವಿಚಾರ ವಿವರಿಸತೊಡಗಿದರು. ಮಾಲೀಕರು ಅರ್ಧಕ್ಕೇ ತಡೆದರು.

"ಅದೆಲ್ಲ ನಂಗ್ ಬೇಡ ಸ್ವಾಮಿ. ನಮ್ಮವ್ವನ ಕಾಲಿಗೆ ಇನ್ನೊಂದ್ ಸಲ ಏನಾದ್ರೂ ಸಿಕ್ತು ಅಂದ್ರೆ, ತಿಂಗಳ ಕೊನೇಗೆ ಮನೆ ಖಾಲಿ ಮಾಡ್ಬಿಡಿ."

ಅಂಬುಜಾ ಅವರ ತಾಯಿ ತೀರಿಕೊಂಡು ವರ್ಷಗಳಾಗಿದ್ದವು; ತೌರಿನಲ್ಲಿ ಬಾಣಂತನ ಮಾಡುವವರಿರಲಿಲ್ಲ. ಹೆರಿಗೆ ಆ ಮನೆಯಲ್ಲೇ ಎಂದು ತೀರ್ಮಾನವಾಗಿತ್ತು. ಸೂಲಗಿತ್ತಿ ಮೂರನೆಯ ಬೀದಿಯಲ್ಲಿದ್ದಳು, ಕಾರ್ಖಾನೆಯ ಬಸ್ಸು ಮೂಲೆಯಲ್ಲೇ ನಿಲ್ಲುತ್ತಿತ್ತು. ಎರಡು ತಿಂಗಳಲ್ಲಿ ಹೆರಬೇಕಾದ ಹೆಂಗಸಿರುವ ಸಂಸಾರಕ್ಕೆ ಬೇರೆ ಮನೆ ಹುಡುಕುವುದು ಸುಲಭವಿರಲಿಲ್ಲ.

ಅಂದು ವೆಂಕಟಸುಬ್ಬಯ್ಯನವರು ಮಗಳನ್ನು ಕೂರಿಸಿಕೊಂಡು ಒಂದು ಗಂಟೆ ಬುದ್ಧಿ ಹೇಳಿದರು. ತಾವಿಲ್ಲದಾಗ ಅವಳೇ ಮೊಳೆಗೆ ಹಾಕಬಹುದೆಂದರು. ತಾನು ಹಾಕಿದರೆ ಬಿಲ್ಲೆ ಕೊಡುವವರು ಯಾರು ಎಂದು ಮಗು ಕೇಳಿತು. ನಿಯಮ ಅವರದೇ.

ಶುಕ್ರವಾರ ಊಟ ಬಡಿಸುತ್ತಾ ಅಂಬುಜಾ ಕೇಳಿದರು: "ನಿಮ್ಮ ಸ್ಟೋರಲ್ಲಿ ನೀವಿಲ್ದಾಗ ಯಾರ್ರೀ ತಗೊಳ್ಳೋದು?"

"ಬೇರೆ ಪಾಳಿಯವ್ನು. ಅವ್ನಿಗೆ ಚಾರ್ಜು ಕೊಟ್ಟು ಬರ್ತೀನಿ."

"ಇಲ್ಲೂ ಕೊಟ್ಟು ಹೋಗಿ ಹಾಗಾದ್ರೆ."

"ನಿನಗಾ?"

"ನನಗ್ಯಾಕೆ? ನನ್ನನ್ನ ಅವಳು ಮುಟ್ಟಕ್ಕೇ ಬಿಡಲ್ಲ. ಅವಳಿಗೇ ಕೊಡಿ."

ಅವರು ಅನ್ನ ಕಲೆಸುವುದನ್ನು ನಿಲ್ಲಿಸಿ ಯೋಚಿಸಿದರು. ಉಪಕರಣ ಪಡೆಯುವವನೇ ಉಗ್ರಾಣ ನೋಡಿಕೊಳ್ಳುವುದು ಎಲ್ಲ ಕ್ರಮಕ್ಕೂ ವಿರುದ್ಧ. ಆದರೂ ಕೈ ತೊಳೆದು ಬಂದು, ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಮಾಡುವಂತೆಯೇ, ಮಗಳನ್ನು ಹಲಗೆಯ ಮುಂದೆ ನಿಲ್ಲಿಸಿ ಐದು ಮೊಳೆಗಳನ್ನೂ ಮುಟ್ಟಿ ತೋರಿಸಿದರು. ಪ್ರತಿಯೊಂದಕ್ಕೂ ಅವಳಿಂದ "ಸರಿ ಇದೆ" ಎನ್ನಿಸಿದರು. ಬೆಳಿಗ್ಗೆ ತಮಗೆ ಹೀಗೆಯೇ ಒಪ್ಪಿಸಬೇಕೆಂದು ಹೇಳಿ ಬಸ್ಸಿಗೆ ಹೋದರು.

ಅಂದು ಸಂಜೆ ಅವಳು ಸಾಮಾನನ್ನು ತಾನೇ ತಂದು, ತಾನೇ ಪಡೆದು, ತನಗೇ ಬಿಲ್ಲೆ ಕೊಟ್ಟುಕೊಂಡಳು. ಅಂಬುಜಾ ಒಳಗೆ ಕೂತು ಅಕ್ಕಿ ಆರಿಸುತ್ತಾ, ಕತ್ತೆತ್ತದೆ, ನಗು ತಡೆದುಕೊಂಡರು.

ಶನಿವಾರ ಮುಸ್ಸಂಜೆ ಯಶೋದಮ್ಮ ಮೂರು ದಿನದ ಮೇಲೆ ಮೊದಲ ಬಾರಿಗೆ ಹೊರಗೆ ಬಂದರು. ಪಾದಕ್ಕೆ ಪಟ್ಟು ಹಾಕಿತ್ತು. ಮಗ ತೋಳು ಹಿಡಿದಿದ್ದರು. ಬಾಗಿಲಲ್ಲಿ ನಿಂತಿದ್ದ ಅಂಬುಜಾ ನಲ್ಲಿಯ ಪಕ್ಕದಲ್ಲಿ ಬಂಡಿ ಇರುವುದನ್ನು ಆಗ ಕಂಡರು. ಮುನಿಆಂಜನಪ್ಪನವರೂ ಅದನ್ನು ಕಂಡು ನಿಂತರು. ತಾಯಿಯನ್ನು ತಡೆದರು, ಬಂಡಿಯನ್ನು ಮುಟ್ಟಲಿಲ್ಲ. ತಲೆಯೆತ್ತಿ ಅಂಬುಜಾ ಅವರನ್ನು ನೋಡಿದರು.

ಅಷ್ಟರಲ್ಲಿ ಒಳಗಿನಿಂದ ಸೀತಾಲಕ್ಷ್ಮಿ ಬಂದಳು. ಹಲಗೆಯಲ್ಲಿ ಒಂದು ಮೊಳೆಗೆ ಇನ್ನೂ ಬಿಲ್ಲೆ ತೂಗುತ್ತಿದ್ದುದರಿಂದ ಅವಳು ಬಂಡಿಯನ್ನು ಹುಡುಕುತ್ತಿದ್ದಳು. "ಅಜ್ಜಿ, ಅಲ್ಲೇ ನಿಂತ್ಕೊಳಿ," ಎಂದು ಹೇಳಿ, ದಾರವನ್ನು ಸುತ್ತಿ, ಬಂಡಿಯನ್ನು ಎತ್ತಿಕೊಂಡಳು.

"ಯಾರು ಹೇಳ್ಕೊಟ್ರು, ನಿಮ್ಮಮ್ಮನಾ?" ಎಂದರು ಮಾಲೀಕರು.

"ಯಾರೂ ಇಲ್ಲ. ಚಾರ್ಜು ನಂದು," ಎಂದು ಮಗು ಒಳಗೆ ಹೋಯಿತು.

ಯಶೋದಮ್ಮ ಮಗನಿಗೆ, ನಮ್ಮನೇಗೂ ಇಂಥೋಳು ಒಬ್ಬಳು ಬೇಕು ಕಣೋ, ನಿನ್ ಚಪ್ಪಲಿ ಯಾವಾಗ್ಲೂ ಬಾಗ್ಲಿಗೆ ಅಡ್ಡ, ಎಂದರು. ಅವರು ತಾಯಿಯನ್ನು ನಡೆಸಿಕೊಂಡು ಹೋದರು.

ಎಂಟು ದಿನ ಮನೆ ಖಾಲಿ ಮಾಡುವ ವಿಷಯ ಯಾರೂ ಎತ್ತಲಿಲ್ಲ. ಕೇಳಲು ವೆಂಕಟಸುಬ್ಬಯ್ಯನವರಿಗೆ ಧೈರ್ಯವಾಗಲಿಲ್ಲ. ಶಿವಾಜಿನಗರದ ಕಡೆ ಎರಡು ಮನೆ ನೋಡಿಯೂ ಬಂದರು. ಒಂಬತ್ತನೆಯ ದಿನ ನಲ್ಲಿಯ ಬಳಿ ಮುನಿಆಂಜನಪ್ಪನವರು ಅಂಬುಜಾ ಅವರನ್ನು ಮಾತಾಡಿಸಿದರು.

"ಅಮ್ಮಾವ್ರೆ, ಬಾಣಂತನ ಇಲ್ಲೇನಾ?"

ಅಂಬುಜಾ, ಇಲ್ಲೇ ಅಂದುಕೊಂಡಿದ್ದೆವು ಎಂದರು.

"ಹಂಗಾದ್ರೆ ನಿಮ್ಮ ಬಚ್ಚಲ ಹಂಡೆ ಸಾಲಲ್ಲ. ನಮ್ಮವ್ವಂದು ದೊಡ್ಡದು ಒಂದೈತೆ, ಕಳಿಸ್ಕೊಡ್ತೀನಿ."