ರಸ್ತೆಯದೇ ತಪ್ಪು ಎಂದು ಬರೆದ ಉಳವಪ್ಪ

ಬೆಳಗಿನ ಆರು ಗಂಟೆ. ದಾಂಡೇಲಿ ದಾಟಿ ಕುಳಗಿಯ ಕಡೆ ಹೋಗುವ ರಸ್ತೆಯಲ್ಲಿ ಮಂಜು ಇನ್ನೂ ಕದಲಿಲ್ಲ. ಡಾಂಬರು ಹಾಕಿ ಎರಡೇ ದಿನವಾದ ತಿರುವೊಂದರಲ್ಲಿ ಸಹಾಯಕ ಎಂಜಿನಿಯರ್ ಉಳವಪ್ಪ ಮಂಡಿಯೂರಿ ಕುಳಿತಿದ್ದಾರೆ. ಕೈಯಲ್ಲಿ ನೀರಿನ ತಂಬಿಗೆ. ರಸ್ತೆಯ ನಡುವೆ ನೀರು ಸುರಿದು, ಅದು ಯಾವ ಕಡೆ ಹರಿಯುತ್ತದೆಂದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಸುರಿಯುತ್ತಾರೆ.

ಗುತ್ತಿಗೆದಾರರ ಮೇಲ್ವಿಚಾರಕ ಈರೇಶನಿಗೆ ಇದು ದಿನದ ಕಿರಿಕಿರಿ. "ಸರ್, ನಿನ್ನೆ ಯಂತ್ರ ಇಟ್ಟು ಲೆವೆಲ್ ನೋಡೇವ್ರಿ. ಎಲ್ಲಾ ಬರೋಬ್ಬರಿ ಐತಿ."

"ಯಂತ್ರ ಸುಳ್ಳು ಹೇಳಂಗಿಲ್ಲೋ ತಮ್ಮಾ, ಬರಕೊಳ್ಳಾವ್ರು ನಾವು," ಎನ್ನುತ್ತ ಉಳವಪ್ಪ ತಂಬಿಗೆ ತುಂಬಿಸಿಕೊಳ್ಳಲು ಜೀಪಿನತ್ತ ನಡೆಯುತ್ತಾರೆ.

ಹಳಿಯಾಳದಿಂದ ಜೋಯಿಡಾದ ಕಡೆಗೆ ಹೆದ್ದಾರಿ ಅಗಲವಾಗುತ್ತಿದೆ. ಅವರ ಪಾಲಿಗೆ ಬಂದದ್ದು ನಲವತ್ತಾರು ಕಿಲೋಮೀಟರು, ಒಂಬತ್ತು ಸೇತುವೆ, ಐವತ್ತೇಳು ತಿರುವು. ದಿನಕ್ಕೆ ಜೀಪಿನಲ್ಲಿ ನೂರು ಕಿಲೋಮೀಟರಿಗೆ ಕಡಿಮೆ ಇಲ್ಲದ ಓಡಾಟ. ಊಟ ಎಲ್ಲಿ ನೆರಳು ಸಿಕ್ಕಿತೋ ಅಲ್ಲಿ. ಬರುವ ಮೇ ತಿಂಗಳಿಗೆ ನಿವೃತ್ತಿ.

ತೇರಗಾಂವದ ಒಕ್ಕಲುತನದ ಮನೆಯವರು. ಉಳವಿಯ ದೇವರಿಗೆ ನಡೆದುಕೊಳ್ಳುವುದು ಮನೆಯ ಪದ್ಧತಿ, ಹೆಸರೂ ಹಾಗೇ ಬಂದದ್ದು. ಡಿಪ್ಲೊಮಾ ಮುಗಿಸಿ ಕಿರಿಯ ಎಂಜಿನಿಯರ್ ಆಗಿ ಸೇರಿದಾಗ ಕುಂಬಾರವಾಡದ ಕಡೆ ಮಳೆಗಾಲದಲ್ಲಿ ಬಸ್ಸು ಕೆಸರಿನಲ್ಲಿ ಹೂತು ನಿಲ್ಲುತ್ತಿತ್ತು. ಅಂಥ ಕಡೆಗಳಲ್ಲೇ ಮೊದಲ ಹತ್ತು ವರ್ಷ ಕಳೆದರು. "ಆವಾಗ ರಸ್ತೆ ಅಂದ್ರ ಜಲ್ಲಿ ಬಿದ್ರ ಸಾಕು, ಮಂದಿ ಕೈ ಮುಗೀತಿದ್ರು. ನನಗೂ ಅದs ರೂಢಿ ಆತು, ಮುಗೀತಲ್ಲ ಅನ್ನೂದು," ಎನ್ನುತ್ತಾರೆ.

ಆ ರೂಢಿಯೇ 2012ರಲ್ಲಿ ಅವರನ್ನು ಕೆಡಿಸಿತು. ಕುಳಗಿಗೆ ಮುಂಚೆ ಸಿಗುವ ಹಳೇ ತಿರುವಿಗೆ ಆ ವರ್ಷ ಡಾಂಬರಾಯಿತು. ತಿರುವಿನಲ್ಲಿ ರಸ್ತೆಯ ಹೊರ ಅಂಚು ಎತ್ತರ ಇರಬೇಕು; ಇಲ್ಲದಿದ್ದರೆ ವಾಹನ ಹೊರಕ್ಕೆ ಜಾರುತ್ತದೆ. ಅಲ್ಲಿ ಅಂಚು ತಗ್ಗಾಗಿತ್ತು. ಮೂರು ಕಡೆ ಕೆಲಸ ನಡೆದಿದ್ದ ವಾರ ಅದು. ಉಳವಪ್ಪ ಸ್ಥಳಕ್ಕೆ ಹೋಗದೆ ಅಳತೆ ಪುಸ್ತಕಕ್ಕೆ ಸಹಿ ಹಾಕಿದರು.

2019ರ ಜುಲೈನಲ್ಲಿ, ಹಳಿಯಾಳ ತಾಲ್ಲೂಕಿನ ತಾಂಡಾವೊಂದರ ತುಳಸಿರಾಮ ಎಂಬ, ಗೋಡೆ ಕಟ್ಟುವ ಗೌಂಡಿ ಕೆಲಸದಾತ ಸಂಜೆಯ ಮಳೆಯಲ್ಲಿ ಬೈಕಿನಲ್ಲಿ ಮನೆಗೆ ಬರುತ್ತಿದ್ದ. ಅದೇ ತಿರುವಿನಲ್ಲಿ ಜಾರಿ ಮತ್ತಿ ಮರಕ್ಕೆ ಬಡಿದು ಅಲ್ಲೇ ಸತ್ತ. ಪೊಲೀಸರ ಮಹಜರಿನಲ್ಲಿ ಅತಿವೇಗ ಎಂದು ಬರೆಯಲಾಯಿತು. ಊರ ಮಂದಿ ಅದಕ್ಕೆ ಕುಡಿತವನ್ನೂ ಸೇರಿಸಿದರು.

ತುಳಸಿರಾಮನ ತಾಯಿ ಮೋತಿಬಾಯಿ ಮೂರು ದಿನ ಉಳವಪ್ಪನವರ ಕಚೇರಿಯ ಬಾಗಿಲಲ್ಲಿ ಕುಳಿತಳು. ಮೂರನೇ ದಿನ ಅವರು ಹೊರಗೆ ಬಂದಾಗ ಎದ್ದು ನಿಂತು ಕೇಳಿದಳು: "ನನ್ನ ಮಗಾ ಕುಡೀತಿರಲಿಲ್ರಿ ಸಾಹೇಬ್ರ. ಗಾಡಿನೂ ಜೋರ ಹೊಡೀತಿರಲಿಲ್ಲ. ರಸ್ತೆ ಮಾಡಿದವ್ರು ನೀವು. ಅಲ್ಲಿ ಏನ್ ಐತಿ, ನೀವs ಹೇಳ್ರಿ."

ಆಕೆಯನ್ನು ಸಾಗಹಾಕಲೆಂದೇ ಉಳವಪ್ಪ, ನೋಡಿ ಬರ್ತೇನವ್ವಾ ಎಂದರು. ಹೋದಾಗ ಮಳೆ ಹಿಡಿದಿತ್ತು. ತಿರುವಿನ ನೀರೆಲ್ಲ ಹೊರಗಿನ ಅಂಚಿಗೆ, ಆ ಮರದ ಬುಡಕ್ಕೇ ಹರಿದು ಹೋಗುತ್ತಿತ್ತು. "ಛತ್ರಿ ಹಿಡಿಯೂದು ಮರ್ತು ನಿಂತ್ಬಿಟ್ಟೆ," ಎಂದು ನೆನೆಯುತ್ತಾರೆ. ಮರುದಿನ ಯಂತ್ರ ಇಟ್ಟು ಮೂರು ಸಲ ಅಳೆದರು. ಮೂರು ಸಲವೂ ಅಂಚು ತಗ್ಗೇ.

ಅಪಘಾತವಾದಾಗಲೆಲ್ಲ ಪೊಲೀಸರು ಎಂಜಿನಿಯರರ ಅಭಿಪ್ರಾಯ ಕೇಳುತ್ತಾರೆ. 'ರಸ್ತೆಯಲ್ಲಿ ದೋಷ ಕಂಡುಬಂದಿಲ್ಲ' ಎಂಬ ಒಂದು ಸಾಲು ಸಾಕಾಗಿತ್ತು. ಉಳವಪ್ಪ ಕಚೇರಿಯ ಕಪಾಟಿನಿಂದ ಹಳೆಯ ಕಡತ ತೆಗೆಸಿದರು. ಡಾಂಬರಾದ ಮೇಲೆ ಆ ತಿರುವಿನಲ್ಲಿ ತುಳಸಿರಾಮನಿಗಿಂತ ಮುಂಚೆ ಇಬ್ಬರು ಸತ್ತಿದ್ದರು. ಇಬ್ಬರ ಕಡತದಲ್ಲೂ ಆ ಸಾಲು ಇತ್ತು. ಎರಡೂ ಅವರದೇ ಕೈಬರಹ.

ಅಂದು ಸಂಜೆ ಹೆಂಡತಿ ರಾಜಶ್ರೀಯ ಮುಂದೆ ಎಲ್ಲ ಹೇಳಿದರು. ಆಕೆ ಅಂದದ್ದಿಷ್ಟು: "ಬರೀಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ಬರದ ಮ್ಯಾಲೆ ಮಾತ್ರ ಊಟಾ ಬಿಟ್ಟು ಕುಂಡ್ರಬ್ಯಾಡ್ರಿ."

ಬರೆದರು. 'ತಿರುವಿನ ಹೊರ ಅಂಚು ತಗ್ಗಾಗಿರುವುದೇ ಸವಾರ ಜಾರಲು ಕಾರಣ. ಕಾಮಗಾರಿಯ ಅಳತೆಗೆ ಸಹಿ ಮಾಡಿದವನು ನಾನೇ.' ಹಿಂದಿನ ಎರಡು ಸಾವುಗಳನ್ನೂ ಸೇರಿಸಿದರು. ವರದಿ ಹಿಂತೆಗೆದುಕೊಳ್ಳಿ ಎಂದು ಗೆಳೆಯರು ಮನೆಯವರೆಗೆ ಬಂದು ಹೇಳಿ ಹೋದರು. ಅವರು ಹಿಂತೆಗೆದುಕೊಳ್ಳಲಿಲ್ಲ. ವಿಚಾರಣೆ ಒಂದೂವರೆ ವರ್ಷ ಎಳೆಯಿತು, ಕೈಗೆ ಬಂದಿದ್ದ ಬಡ್ತಿ ತಪ್ಪಿತು. ಅವರ ಕೈಕೆಳಗೆ ಕೆಲಸ ಕಲಿತವರು ಇಂದು ಅವರ ಮೇಲಧಿಕಾರಿಗಳು. ಚಹಾದ ಹೊತ್ತಿಗೆ ಕಚೇರಿಯಲ್ಲಿ ಅವರ ಮೇಜಿನ ಹತ್ತಿರ ಯಾರೂ ಕುರ್ಚಿ ಎಳೆದುಕೊಳ್ಳುವುದಿಲ್ಲ. "ಅವ್ರದೂ ಖರೇನ. ನಾ ಬರದಿದ್ದು ನೋಡಿ ಅವ್ರಿಗೂ ತಮ್ಮ ಹಳೇ ಸಹಿ ನೆನಪಾಗ್ತಾವ," ಎನ್ನುವಾಗ ಅವರ ದನಿಯಲ್ಲಿ ಸಿಟ್ಟಿಲ್ಲ.

2021ರಲ್ಲಿ ಆ ತಿರುವನ್ನು ಕಿತ್ತು ಮತ್ತೆ ಕಟ್ಟಿದರು. ನಿಂತು ಮಾಡಿಸಿದವರು ಉಳವಪ್ಪನವರೇ. ಅಂದಿನಿಂದ ಅಲ್ಲಿ ಒಂದೂ ಸಾವಾಗಿಲ್ಲ. ಹಾಗೆಂದು ಹೊಗಳಿದರೆ ಅವರಿಗೆ ಹಿಡಿಸುವುದಿಲ್ಲ. "ಮೂವರು ಹೋದ ಮ್ಯಾಲೆ ಮಾಡಿದ್ದರೀ ಅದು. ಎಣಿಸಿ ಹೇಳೂವಂಥಾದ್ದಲ್ಲ." ಸತ್ತ ಇನ್ನಿಬ್ಬರ ಮನೆಗಳನ್ನು ಹುಡುಕಿಕೊಂಡು ಹೋಗಿದ್ದರು. ಒಂದು ಕುಟುಂಬ ಊರು ಬಿಟ್ಟಿತ್ತು. ಇನ್ನೊಂದು ಮನೆಯವರು ಇವರು ಯಾರೆಂದು ತಿಳಿದದ್ದೇ ಬಾಗಿಲು ಹಾಕಿಕೊಂಡರು.

ವರದಿಯ ಒಂದು ಪ್ರತಿಯನ್ನು ಮೋತಿಬಾಯಿಗೆ ಕೊಡಲು ತಾಂಡಾಕ್ಕೂ ಹೋದರು. ತುಳಸಿರಾಮನ ಹೆಂಡತಿ ಮಾಯಾ ಹೊಸ್ತಿಲ ಒಳಗೆ ನಿಂತು ಓದಿದಳು. ಮುದುಕಿ ಕಂಬ ಹಿಡಿದು ಕೇಳಿದಳು. ಇನ್ನೊಮ್ಮೆ ಓದು ಎಂದಳು. ಎರಡನೇ ಸಲ ಮುಗಿದಾಗ ಕೇರಿಯವರೂ ನಾಲ್ಕು ಮಂದಿ ಬಂದು ಸೇರಿದ್ದರು. ಅವರ ಕಡೆ ತಿರುಗಿ ಮೋತಿಬಾಯಿ ಗಟ್ಟಿಯಾಗಿ ಅಂದಳು: "ಕೇಳಿದ್ರಿಲ್ಲೋ? ನನ್ನ ಮಗಾ ಹುಷಾರಾಗೇ ಮನೀಗೆ ಬರ್ತಿದ್ದ."

ಆಮೇಲೆ ಉಳವಪ್ಪನವರನ್ನು ನೋಡಿದಳು. "ಬರದು ಕೊಟ್ರಿ, ಚಲೋ ಆತು. ಇನ್ನ ಹೋಗ್ರಿ."

ಅದಾದ ಮೇಲೆ ವರ್ಷಕ್ಕೊಂದು ಸಲವಾದರೂ ಅವರು ಆ ತಾಂಡಾದ ಕಡೆ ಹೋಗುತ್ತಾರೆ. ಮೋತಿಬಾಯಿ ಅಂಗಳದಲ್ಲಿದ್ದರೆ ತಲೆ ಎತ್ತಿ ನೋಡುತ್ತಾಳೆ, ಮತ್ತೆ ಕೆಲಸಕ್ಕೆ ತಲೆ ಬಗ್ಗಿಸುತ್ತಾಳೆ. ಅವರು ತುಸು ಹೊತ್ತು ನಿಂತು ತಿರುಗಿ ಬರುತ್ತಾರೆ.

ನಿವೃತ್ತಿಯ ದಿನ ಹಾರ, ಶಾಲು ಏನೂ ಬೇಡವೆಂದು ಈಗಲೇ ಹೇಳಿಟ್ಟಿದ್ದಾರೆ. ಮತ್ತೇನು ಬೇಕು ಎಂದರೆ ಹೇಳಲು ಹಿಂಜರಿಯುತ್ತಾರೆ.

"ಕ್ಷಮಾ ಕೇಳೂ ಮಾತಲ್ರಿ ಇದು. ಮೋತಿಬಾಯಿ ಒಂದ್ ಸಲ, ಬರ್ರಿ, ಕುಂಡ್ರಿ ಅಂದ್ರ ಸಾಕಾಗಿತ್ತು. ಅನ್ನದಿದ್ರೂ ಆಕೀದೇನ್ ತಪ್ಪಿಲ್ರಿ."