ಆಯುಧಪೂಜೆಗೆ ಹೊಟ್ಟೆ ಬಿಚ್ಚಿದ ಕಂಪ್ಯೂಟರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಹೊಸೂರಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿದ್ದೆ. ಉದ್ದನಪಲ್ಲಿಯಿಂದ ಬೆಳಗಿನ ಬಸ್ಸು ಹಿಡಿದು ಬಂದು ಕಂಪ್ಯೂಟರಿನ ಮುಂದೆ ಕೂರುವವಳು. ಇದ್ದದ್ದೇ ಎರಡು ಕಂಪ್ಯೂಟರು: ನನ್ನದೊಂದು, ಅಂಗಳದಾಚೆಯ ಮೆಷಿನ್ ಶೆಡ್ಡಿನಲ್ಲಿ ಇನ್ನೊಂದು. ನಡುವೆ ನೆಲದಡಿ ಹೂತ ಕರಿ ತಂತಿ. ಶೆಡ್ಡಿನವರಿಗೆ ಬೇಕಾದ ಸಾಮಾನಿನ ಪಟ್ಟಿ ಆ ತಂತಿಯಲ್ಲೇ ನನ್ನ ಪರದೆಗೆ ಬರುತ್ತಿತ್ತು. ಮಣ್ಣಿನೊಳಗೆ ಅಕ್ಷರ ಹೇಗೆ ಓಡುತ್ತದೆ ಎಂದು ಕೇಳಿ ಕೇಳಿ ಎಲ್ಲರ ತಲೆ ತಿಂದಿದ್ದೆ. ‘ಯಾಕೆ’ ಅನ್ನುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ.

ನನ್ನ ಕಂಪ್ಯೂಟರಿಗೆ ಎರಡು ಬುದ್ಧಿ. ಸ್ವಿಚ್ ಹಾಕಿದೊಡನೆ ಒಂದೋ ಎರಡೋ ಎಂದು ಕೇಳುತ್ತಿತ್ತು. ಒಂದು ಒತ್ತಿದರೆ ಹಳೆಯ ಸಿಸ್ಟಂ, ಎರಡು ಒತ್ತಿದರೆ ಹೊಸದು. ಪೆಟ್ಟಿಗೆ ಒಂದೇ, ತಂತಿಯೂ ಒಂದೇ. ನಾವು ಬಳಸುತ್ತಿದ್ದದ್ದು ಹೊಸದನ್ನು. ಹಳೆಯದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಆಯುಧಪೂಜೆ ಬಂತು. ಶೆಡ್ಡಿನವರೆಲ್ಲ ಲೇತುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಆಮೇಲೇ ಕುಂಕುಮ ಇಡುತ್ತಿದ್ದರು. ಒಬ್ಬ ಲೇತಿನವನು ಸ್ಟೋರಿಗೆ ಬಂದು ನನ್ನನ್ನು ಕಿಚಾಯಿಸಿದ. “ಹೊಟ್ಟೆಯೊಳ್ಗಿನ ಧೂಳ್ ತೆಗೀದೆ ಕುಂಕ್ಮ ಇಕ್ಕಿದ್ರೆ ಪೂಜೆ ಸಲ್ಲಾಕಿಲ್ಲ ಕಣಕ್ಕ!” ನನಗೋ ಒಳಗೆ ನೋಡಲು ಒಂದು ನೆಪ ಬೇಕಿತ್ತು. ತಿರುಪು ಬಿಚ್ಚಿ, ಮೆತ್ತನೆ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿ, ಕುಂಕುಮ ಇಟ್ಟು ಮುಚ್ಚಿದೆ.

ರಜೆ ಕಳೆದು ಬಂದರೆ ಪಟ್ಟಿಯಿಲ್ಲ. ಮ್ಯಾನೇಜರು ಬಂದು ಪರದೆ ನೋಡಿ, “ವಯರ್ ಪೋಚ್ಚು,” ತಂತಿ ಹೋಯಿತು, ಎಂದು ತಮಿಳಿನ ಒಂದೇ ಮಾತಿನಲ್ಲಿ ಕಥೆ ಮುಗಿಸಿದರು. ತಂತಿ ಹೂತವರು ಸೂಳಗಿರಿ ಕಡೆಯ ಹಿರಿಯರೊಬ್ಬರು, ವರ್ಷಗಟ್ಟಲೆ ಕಾಂಟ್ರಾಕ್ಟಿನಲ್ಲೇ ದುಡಿದವರು. ಆ ವಾರ ಅವರ ಕೆಲಸ ಕಾಯಂ ಆಗುವುದಿತ್ತು. ತಂತಿ ಹೂಳಲು ಬಾರದವನನ್ನು ಕಾಯಂ ಮಾಡುವುದಿಲ್ಲ, ಅವನೇ ಅಗೆದು ತೆಗೆಯಲಿ ಎಂದರು ಮ್ಯಾನೇಜರು.

ಹಿರಿಯರು ಸ್ಟೋರಿನ ಬಾಗಿಲಲ್ಲಿ ನಿಂತು, “ಮರ್ಳು ಹಾಸಿವ್ನಿ, ಮ್ಯಾಲೆ ಇಟ್ಗೆ ಮುಚ್ಚಿವ್ನಿ. ಗುದ್ಲಿ ಬಿದ್ರೂ ತಂತಿಗೆ ತಾಕಾಕಿಲ್ಲ ಕಣವ್ವ,” ಎಂದರು.

ಅವರು ಗುದ್ದಲಿ ತರಲು ಹೋದಾಗ ನಾನು ಸುಮ್ಮನೆ, ನೋಡೇಬಿಡೋಣ ಎಂದು, ‘ಒಂದು’ ಒತ್ತಿದೆ. ಕಿಟಕಿಯಿಂದ ಶೆಡ್ಡಿನವರಿಗೆ ಏನಾದರೂ ಕಳಿಸಿ ಎಂದು ಕೂಗಿದೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಊಟ ಆಯ್ತಾ’ ಎಂದು ಬಂತು!

ತಂತಿ ಹೋಗಿದ್ದರೆ ‘ಊಟ ಆಯ್ತಾ’ ಎಲ್ಲಿಂದ ಬಂತು? ಓಡಿಹೋಗಿ ಮ್ಯಾನೇಜರಿಗೆ ಹೇಳಿದೆ. ಅವರು ತಲೆಯೆತ್ತದೆ, ಹಾಗಾದರೆ ಎರಡರಲ್ಲಿ ಯಾಕೆ ಬರುವುದಿಲ್ಲ, ಅದನ್ನು ಹೇಳು ಎಂದರು. ನನ್ನ ಕಾಯಿಲೆಯನ್ನೇ ನನಗೆ ತಿರುಗಿಸಿ ಕೊಟ್ಟಿದ್ದರು.

ಬೀರುವಿನಿಂದ ಕಂಪ್ಯೂಟರಿನ ಪುಸ್ತಕ ತೆಗೆದೆ. ಇಂಗ್ಲಿಷಿನಲ್ಲಿ ತಡವರಿಸುತ್ತ ಓದಿದೆ. ತಂತಿ ಬಂದು ಸೇರುವುದು ಒಳಗಿನ ಒಂದು ಹಸಿರು ಹಲಗೆಗೆ. ಅದಕ್ಕೊಂದು ಮನೆ ನಂಬರು. ಹಳೆಯ ಸಿಸ್ಟಂ ಊರಿಗೆ ಬಂದ ನೆಂಟರಂತೆ ಎಲ್ಲ ಬಾಗಿಲೂ ತಟ್ಟಿ ಮನೆ ಹುಡುಕುತ್ತದೆ. ಹೊಸದಕ್ಕೆ ಬಿಗುಮಾನ, ಬರೆದುಕೊಟ್ಟ ನಂಬರಿಗೆ ಮಾತ್ರ ಹೋಗುತ್ತದೆ. ಆ ನಂಬರು ಗೊತ್ತಾಗುವುದು ಹಲಗೆಯ ಸಣ್ಣ ಕಡ್ಡಿಗಳ ಮೇಲೆ ಕೂರಿಸಿದ ಒಂದು ಪುಟ್ಟ ಕರಿ ಟೊಪ್ಪಿಗೆಯಿಂದ; ಅದರ ಜಾಗ ಬದಲಾದರೆ ನಂಬರೂ ಬದಲು.

ಕರಿ ಟೊಪ್ಪಿಗೆ ಎಂದು ಓದಿದ ಕೂಡಲೇ ತಿರುಪುಳಿ ಹುಡುಕಿದೆ. ಪೆಟ್ಟಿಗೆ ಬಿಚ್ಚಿದೆ. ಹಸಿರು ಹಲಗೆಯ ಅಂಚಿನಲ್ಲಿ ನಾನಿಟ್ಟ ಕುಂಕುಮ. ಅಂದು ಒರೆಸುವಾಗ ಹೆಸರುಕಾಳಿನಷ್ಟು ಕರಿಯದೇನೋ ಒಂದು ಬಟ್ಟೆಗೆ ಸಿಕ್ಕಿ ಕಳಚಿತ್ತು. ಖಾಲಿ ಕಂಡ ಕಡ್ಡಿಗಳಿಗೆ ಸಿಕ್ಕಿಸಿ ಮರೆತೇಬಿಟ್ಟಿದ್ದೆ. ಪುಸ್ತಕದ ಚಿತ್ರ ನೋಡಿ ಟೊಪ್ಪಿಗೆಯನ್ನು ಪಕ್ಕದ ಕಡ್ಡಿಗಳಿಗೆ ಬದಲಿಸಿ ‘ಎರಡು’ ಒತ್ತಿದೆ. ನಿಂತಿದ್ದ ಪಟ್ಟಿಗಳೆಲ್ಲ ದಬದಬನೆ ಬಂದವು. ಕಂಡುಹಿಡಿದ ಖುಷಿಗೆ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಖುಷಿ ಇಳಿದ ಮೇಲೆ ಭಯ ಹತ್ತಿತು. ನನ್ನ ಕೆಲಸವೂ ಕಾಯಂ ಆಗಿರಲಿಲ್ಲ. ಯಾರೂ ನೋಡಿರಲಿಲ್ಲ, ತಂತಿ ತಾನೇ ಸರಿಹೋಯಿತು ಎನ್ನಬಹುದಿತ್ತು. ಮುಚ್ಚಳ ಹಾಕಿದೆ. ಎರಡು ತಿರುಪು ಬಿಗಿದು ಸುಮ್ಮನೆ ಕೂತೆ.

ಹೊರಗೆ ಗುದ್ದಲಿಯ ಸದ್ದು ಕೇಳುತ್ತಿತ್ತು. ಕಿಟಕಿಯಲ್ಲಿ ನೋಡಿದರೆ ಹಿರಿಯರು ತಾವೇ ಜೋಡಿಸಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ, ಮರಳು ಕೊಡವಿ, ಸಾಲಾಗಿ ಇಡುತ್ತಿದ್ದರು. ಅಗೆದು ಹಾಳುಮಾಡುವ ಕೆಲಸವನ್ನೂ ಅಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಅಂಚಿನಲ್ಲಿ ಮ್ಯಾನೇಜರು ನಿಂತಿದ್ದರು. ಎದ್ದುಹೋಗಿ, “ತಂತಿ ಸರಿಯಾಗಿದೆ ಸಾರ್. ಕೆಡಿಸಿದವಳು ನಾನು,” ಎಂದು ಎಲ್ಲ ಹೇಳಿದೆ. ಮ್ಯಾನೇಜರು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಗುಂಡಿ ಮುಚ್ಚಲು ಹೇಳಿ ಹೋದರು. ಹಿರಿಯರು ಆ ವಾರವೇ ಕಾಯಂ ಆದರು. ನಾನು ಇನ್ನೊಂದು ವರ್ಷ ಕಾದೆ. ಅದಕ್ಕೆ ನನಗೆ ಬೇಜಾರಿಲ್ಲ.

ಅಂದು ಗುಂಡಿಯೊಳಗಿಂದ ಹಿರಿಯರು ಮುಖವೆತ್ತಿ, ಸಿಟ್ಟಿಲ್ಲದೆ, “ನಿಂಗ್ ಯಾವಾಗ್ ಗೊತ್ತಾಯ್ತವ್ವ?” ಎಂದು ಕೇಳಿದ್ದರು.

“ಈಗಷ್ಟೇ,” ಎಂದು ಸುಳ್ಳು ಹೇಳಿದೆ. ಅವರ ಪಕ್ಕದಲ್ಲಿ ಆಗಲೇ ಹನ್ನೊಂದು ಇಟ್ಟಿಗೆಗಳಿದ್ದವು.